ಬೆಳಗಿನ ಕವಾಯತಿನ ಕ್ಯಾಸೆಟ್

ಸ್ಪಾರ್ಟನ್‌ಬರ್ಗ್, ದಕ್ಷಿಣ ಕೆರೊಲಿನಾ
19 ಸೆಪ್ಟೆಂಬರ್ 1993

ಎಲಿಕಾಟ್ ಸಿಟಿ ಸಂಸ್ಥಾನದ ಅಧಿಪತಿಗಳೂ, ಎರಡು ಕಾರು ಮತ್ತು ಒಂದು ಹುಲ್ಲು ಕತ್ತರಿಸುವ ಯಂತ್ರದ ಒಡೆಯರೂ, ಮೇರಿಲ್ಯಾಂಡಿನ ಜನರನ್ನು ನೋವು ತಿಳಿಯದಂತೆ ಮಲಗಿಸುವ ಅರಿವಳಿಕೆ ವೈದ್ಯರೂ ಆದ ಡಾಕ್ಟರ್ ಕೃಷ್ಣಸ್ವಾಮಿಯವರ ಸನ್ನಿಧಾನಕ್ಕೆ, ಅವರ ಒಬ್ಬಳೇ ಮಗಳು ಚೈತನ್ಯಾ ಮಾಡಿಕೊಳ್ಳುವ ಬಿನ್ನಹ.

ಅಪ್ಪಾ, ಫೋನು ಬಿಟ್ಟು ಕಾಗದ ಯಾಕೆ ಎಂದು ನೀವು ಕೇಳುವುದಿಲ್ಲ. ಆದರೂ ಹೇಳುತ್ತೇನೆ. ನಮ್ಮಿಬ್ಬರ ಫೋನು ಹೇಗಿರುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. "ಕಾರಿಗೆ ಆಯಿಲ್ ಚೇಂಜ್ ಮಾಡಿಸಿದ್ಯಾ?" "ಹೂಂ." "ಟೈರು?" "ಹೂಂ." ಅಮ್ಮ ಇದ್ದಾಗ ನಿಮ್ಮ ಪಾಲಿಗೆ ಅಷ್ಟೇ ಸಾಕಾಗುತ್ತಿತ್ತು, ಉಳಿದ ಮುಕ್ಕಾಲು ಗಂಟೆ ಅವಳದು. ಆ ಮುಕ್ಕಾಲು ಗಂಟೆಯನ್ನು ಈಗ ಏನು ಮಾಡಬೇಕೆಂದು ನಿಮಗೂ ತಿಳಿಯದು, ನನಗೂ ತಿಳಿಯದು. ನೆಲಮಾಳಿಗೆಯಲ್ಲಿ ಕೂರಿಸಿ ದಿನಕ್ಕೊಂದು ಪುಟ ಕನ್ನಡ ಬರೆಸಿದ್ದು ಅವಳೇ ತಾನೆ. ಉಪಯೋಗಕ್ಕೆ ಬರಲಿ.

ಹೊಸ ಕೆಲಸದ ವರದಿ. ಇದು ಕಾರಿನ ವೈಪರ್ ತಯಾರಿಸುವ ಜಪಾನಿ ಕಾರ್ಖಾನೆ. ನಾನು ಅನುವಾದಕಿ. ಕಾಲೇಜಿನಲ್ಲಿ ಜಪಾನಿ ಕಲಿತು ಯಾವ ಊರು ಉದ್ಧಾರ ಮಾಡುತ್ತೀಯೆ ಎಂದು ಕೇಳಿದ್ದ ನೆಂಟರಿಗೆಲ್ಲ ಉತ್ತರ: ಸ್ಪಾರ್ಟನ್‌ಬರ್ಗ್. ಕಷ್ಟವೆಲ್ಲ ಹೇಳದೆ ಬಿಟ್ಟದ್ದನ್ನು ಅನುವಾದ ಮಾಡುವುದರಲ್ಲಿದೆ. ನಮ್ಮ ಮ್ಯಾನೇಜರ್ ಒಕಾಬೆಯವರಿಗೆ ಏನಾದರೂ ಒಪ್ಪಿಗೆಯಿಲ್ಲದಿದ್ದರೆ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು "ಅದು ಸ್ವಲ್ಪ..." ಎನ್ನುತ್ತಾರೆ. ಅಷ್ಟೇ. ಮೊದಲ ವಾರ ನಾನು ನಿಯತ್ತಾಗಿ ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಇಲ್ಲಿಯ ಫೋರ್‌ಮನ್ ಬಹಳ ಹೊತ್ತು ಕಾದು, ಟೋಪಿ ತೆಗೆದು, "ಸ್ವಲ್ಪ ಏನು ಮೇಡಂ?" ಎಂದು ಕೇಳಿದ. ಸ್ವಲ್ಪ ಏನೂ ಇಲ್ಲ. ಅದು "ಖಂಡಿತ ಆಗದು" ಎನ್ನುವ ಮಾತು.

ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಕವಾಯತು ಮಾಡಬೇಕು. ಜಪಾನಿನಲ್ಲಿ ಶಾಲೆಯ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಬಾಯಿಪಾಠವಾಗಿರುವ ಕವಾಯತಂತೆ ಇದು. ಪಿಯಾನೋ ಬಾರಿಸುತ್ತದೆ, ಒಬ್ಬ ಗಂಡಸು ಒಂದರಿಂದ ಎಂಟರವರೆಗೆ ಎಣಿಸುತ್ತಾನೆ. ಎದೆಯವರೆಗೆ ಗಡ್ಡ ಬಿಟ್ಟ ಕೆರೊಲಿನಾದ ಗಂಡಸರು, ಟೈ ಕಟ್ಟಿದ ಜಪಾನಿಗಳು, ರಿಸೆಪ್ಷನಿನ ಡಾರ್ಲೀನ್, ನಾನು, ಎಲ್ಲರೂ ಒಟ್ಟಿಗೆ ಕೈ ಬೀಸುತ್ತೇವೆ. ಆ ಕ್ಯಾಸೆಟ್ ಹಾಕುವ ಜವಾಬ್ದಾರಿಯನ್ನು ನನಗೆ ವಹಿಸಿದ್ದಾರೆ. ನನ್ನ ಕೈಗೆ ಕ್ಯಾಸೆಟ್ ಕೊಟ್ಟಿದ್ದಾರೆ ಎಂಬುದನ್ನು ಗಮನಿಸಬೇಕು. ನಾನು ಯಾರೆಂದು ಅವರಿಗಿನ್ನೂ ಗೊತ್ತಾಗಿಲ್ಲ.

ನಾನು ಚೆನ್ನಾಗಿದ್ದೇನೆ. ಬಿಸಿ ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡರೆ ಎರಡು ದಿನ ಉಪ್ಪು, ಹುಳಿ ಏನೂ ತಿಳಿಯುವುದಿಲ್ಲವಲ್ಲ, ಹಾಗೆ. ನೋವಿಲ್ಲ.

ಏಪ್ರಿಲಿನಲ್ಲಿ, ಯುಗಾದಿಯ ವಾರದಲ್ಲಿ, ಅಮ್ಮ ಹೋಗಿ ವರ್ಷವಾಗುತ್ತದೆ. ಹದಿಮೂರನೆಯ ದಿನದ ಮಾರನೆಯ ಬೆಳಿಗ್ಗೆ ಹೊರಟವಳು ನಾನು ಆಮೇಲೆ ಬಂದಿಲ್ಲ. ವರ್ಷಕ್ಕೆ ಬರಬೇಕೋ ಬೇಡವೋ ನೀವು ಹೇಳಿಲ್ಲ. ಇನ್ನೂ ಟೈಮಿದೆ.

ಇಂತಿ,
ಕ್ಯಾಸೆಟ್ ಖಾತೆಯ ಸಚಿವೆ,
ಚೈತನ್ಯಾ


ಎಲಿಕಾಟ್ ಸಿಟಿ
3 ಅಕ್ಟೋಬರ್ 1993

ಚಿ. ಚೈತನ್ಯಾಳಿಗೆ,

ಕಾಗದ ತಲುಪಿತು. ಒಂದು ಕಾರು ಮಾರಿದೆ. ಈಗ ಒಂದು ಕಾರಿನ ಸಂಸ್ಥಾನ.

ಇಲ್ಲಿ ಎಲ್ಲ ಕ್ಷೇಮ. ಸೂರಿನ ಗಟರಿನಲ್ಲಿ ಎಲೆ ತುಂಬಿತ್ತು, ತೆಗೆಸಿದೆ. ಕನ್ನಡ ಸಂಘದ ರೇಣುಕಾದೇವಿಯವರು ಶುಕ್ರವಾರಗಳಂದು ಸಾರು, ಪಲ್ಯ ತಂದುಕೊಡುತ್ತಾರೆ. ಬೇಡವೆಂದರೂ ಕೇಳುವುದಿಲ್ಲ. ಪಾತ್ರೆ ತೊಳೆದು ಹಿಂದಿರುಗಿಸುತ್ತಿದ್ದೇನೆ.

ನೆಲಮಾಳಿಗೆಯನ್ನು ಖಾಲಿ ಮಾಡುತ್ತಿದ್ದೇನೆ. ಮಕ್ಕಳ ಕೋಲಾಟದ ಕೋಲುಗಳನ್ನು, ಜರಿಯ ಲಂಗಗಳನ್ನು ಕನ್ನಡ ಸಂಘದವರು ತೆಗೆದುಕೊಂಡು ಹೋದರು. ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆ ಉಳಿದಿದೆ. ನಿನಗೆ ಕಳಿಸುತ್ತಿದ್ದೇನೆ. ಬೇಡವಾದರೆ ಅಲ್ಲೇ ಯಾರಿಗಾದರೂ ಕೊಡು.

ಆಸ್ಪತ್ರೆಯಲ್ಲಿ ಎಂದಿನಂತೆ ಕೆಲಸ. ಚಳಿ ಶುರುವಾಗುವ ಮುಂಚೆ ಬ್ಯಾಟರಿ ಚೆಕ್ ಮಾಡಿಸು.

ಇತಿ,
ಕೃಷ್ಣಸ್ವಾಮಿ


ಸ್ಪಾರ್ಟನ್‌ಬರ್ಗ್
31 ಅಕ್ಟೋಬರ್ 1993

ಏಕಕಾರು ಚಕ್ರವರ್ತಿಗಳಿಗೆ,

ಪೆಟ್ಟಿಗೆ ಬಂತು. ಸುತ್ತ ನಾಲ್ಕು ಪದರ ಟೇಪು ಅಂಟಿಸಿದ್ದೀರಿ. ಒಳಗಿದ್ದದ್ದು ಹೊರಗೆ ಬಂದು ಯಾರನ್ನಾದರೂ ಕಚ್ಚುವ ಹಾಗಿತ್ತೇ?

ಬ್ಯಾಟರಿ ಚೆಕ್ ಮಾಡಿಸಿದೆ. ಚೆಕ್ ಮಾಡಿಸದೇ ಕೆಟ್ಟದ್ದು ಒಕಾಬೆಯವರ ಕಾರು. ಹಾಗಾಗಿ ಹೋದ ವಾರ ಅವರನ್ನು ಮನೆಗೆ ಬಿಡುವ ಪಾಳಿ ನನ್ನದಾಯಿತು. ಅವರಿಗೆ ಐವತ್ತೆರಡೋ ಐವತ್ತಮೂರೋ. ಹೆಂಡತಿ, ಮಗಳು ಜಪಾನಿನಲ್ಲಿ. ಮಗಳಿಗೆ ಕಾಲೇಜು ಪ್ರವೇಶದ ಪರೀಕ್ಷೆಯಿದೆ, ಓದು ಕೆಡಬಾರದು, ಅದಕ್ಕೆ ಅಪ್ಪ ಒಬ್ಬನೇ ಬಂದಿದ್ದಾನೆ. ಇದು ಅವರಲ್ಲಿ ಎಷ್ಟು ಮಾಮೂಲೆಂದರೆ ಹೀಗೆ ಒಂಟಿಯಾಗಿ ವರ್ಗವಾಗಿ ಹೋಗುವವರಿಗೆ ಒಂದು ಹೆಸರೇ ಇದೆ. ನಮ್ಮ ಕಾರ್ಖಾನೆಯಲ್ಲೇ ಮೂವರಿದ್ದಾರೆ. ಭಾನುವಾರ ಮೂವರೂ ಸೇರಿ ಒಂದೇ ಕಾರಿನಲ್ಲಿ ಅಟ್ಲಾಂಟಾದವರೆಗೆ ಹೋಗಿ ಜಪಾನಿ ಅಂಗಡಿಯಲ್ಲಿ ಸೋಯಾ ಸಾಸು, ಉಪ್ಪಿನಕಾಯಿ, ಹಳೆಯ ಪತ್ರಿಕೆ ತರುತ್ತಾರೆ. ಕಾರಿನಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದೆ. ಯೋಚಿಸಿ, "ರಸ್ತೆಯ ಬಗ್ಗೆ" ಎಂದರು. ನಿಮಗೆ ಅವರ ಪರಿಚಯ ಮಾಡಿಸಬೇಕು. ಮಾತು ಬೆಳೆದರೆ ಟೈರಿನವರೆಗೂ ಹೋಗಬಹುದು.

ಅವರ ಅಪಾರ್ಟ್‌ಮೆಂಟಿನ ಮೆಟ್ಟಿಲವರೆಗೆ ಚೀಲ ಹಿಡಿದುಕೊಂಡು ಹೋಗಿದ್ದೆ. ಬೀಗ ತೆಗೆದು ಬಾಗಿಲು ತಳ್ಳಿದರು, ಖಾಲಿ ಮನೆಯೊಳಕ್ಕೆ ಗಟ್ಟಿಯಾಗಿ "ಬಂದೆ" ಎಂದರು, ಆಮೇಲೆ ಬೂಟು ಬಿಚ್ಚಿದರು. ಅವರಲ್ಲಿ ಇದು ಪದ್ಧತಿ. ಹೊರಡುವಾಗ "ಹೋಗಿ ಬರ್ತೀನಿ", ಒಳಗಿರುವವರು "ಹೋಗಿ ಬಾ". ಥೇಟು ನಮ್ಮ ಹಾಗೆ. ಹಿಂದಿರುಗಿದಾಗ "ಬಂದೆ", "ಬಂದ್ಯಾ". ಒಳಗೆ ಯಾರೂ ಇಲ್ಲದಿದ್ದರೆ ಹೇಳಬೇಕೋ ಬೇಡವೋ ಎಂಬುದಕ್ಕೆ ನಿಯಮವೇನೂ ಇರಲಾರದು. ಇವರು ಹೇಳುತ್ತಾರೆ. ನಾನು ಹೊರಗೆ ಸೋಯಾ ಸಾಸಿನ ಚೀಲ ಹಿಡಿದು ನಿಂತಿದ್ದವಳು, ಅಭ್ಯಾಸ ಬಲ, "ಬಂದ್ರಾ" ಎಂದುಬಿಟ್ಟೆ, ಜಪಾನಿಯಲ್ಲಿ. ಅವರು ತಿರುಗಿ ನೋಡಿ ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡಿದರು. ನಾನೂ ಬಗ್ಗಿದೆ. ಸಾಸಿನ ಬಾಟಲಿ ಒಡೆಯಿತು.

ಪೆಟ್ಟಿಗೆಯ ಕ್ಯಾಸೆಟ್ಟುಗಳಲ್ಲಿ ಒಂದರ ಮೇಲೆ ಮಾತ್ರ ಚೀಟಿ ಇದೆ, ಅಮ್ಮನ ಅಕ್ಷರದಲ್ಲಿ: ಮಂಗಳವಾದ್ಯ. ನಾಗಸ್ವರ, ಡೋಲು. ಇದನ್ನು ನೋಡಿದ ಕ್ಷಣವೇ ನನಗೊಂದು ಘನವಾದ ಆಲೋಚನೆ ಹೊಳೆಯಿತು. ಸರ್ಕಾರಿ ರಹಸ್ಯ. ಮುಂದಿನ ವರದಿಯಲ್ಲಿ ತಿಳಿಯಪಡಿಸಲಾಗುವುದು.

ಹಬ್ಬ ಹತ್ತಿರ ಬಂತು. ನಮಗೆ ಈ ವರ್ಷ ಇಲ್ಲ, ಗೊತ್ತು.

ಇಂತಿ,
ಚೈತನ್ಯಾ


ಸ್ಪಾರ್ಟನ್‌ಬರ್ಗ್
17 ನವೆಂಬರ್ 1993

ಅಪ್ಪನಿಗೆ,

ಘನವಾದ ಆಲೋಚನೆಯ ವರದಿ.

ಸೋಮವಾರ ಬೆಳಿಗ್ಗೆ ಕವಾಯತಿನ ಕ್ಯಾಸೆಟ್ ತೆಗೆದು ಮಂಗಳವಾದ್ಯದ ಕ್ಯಾಸೆಟ್ ಹಾಕಿದೆ. ಇಡೀ ಕಾರ್ಖಾನೆ ನಾಗಸ್ವರಕ್ಕೆ ಕೈಕಾಲು ಆಡಿಸುವುದನ್ನು ನೋಡಬೇಕಿತ್ತು. ಇಬ್ಬರು ಹುಡುಗರು ನಗುತ್ತಾರೆ, ಡಾರ್ಲೀನ್ ಕುಣಿಯುತ್ತಾಳೆ, ಒಕಾಬೆಯವರು ಗಾಳಿ ಎಳೆದುಕೊಂಡು "ಅದು ಸ್ವಲ್ಪ" ಎನ್ನುತ್ತಾರೆ, ನಾನು ಯಂತ್ರ ಕೆಟ್ಟಿದೆ ಎಂದು ಗಂಭೀರವಾಗಿ ಕ್ಷಮೆ ಕೇಳುತ್ತೇನೆ. ಇಷ್ಟೇ ಯೋಜನೆ. ಗುಂಡಿ ಒತ್ತಿ ಓಡಿ ಬಂದು ನನ್ನ ಸಾಲಿನಲ್ಲಿ ನಿಂತೆ.

ನಿಮಗೆ ನೆನಪಿರಬೇಕು. ಅಮ್ಮ ಹೊಸ ಕ್ಯಾಸೆಟ್ ಕೊಳ್ಳುತ್ತಿರಲಿಲ್ಲ. ಹಳೆಯದರ ತಲೆಯ ಮೇಲಿನ ಕಿಂಡಿಗೆ ಸೆಲೋಟೇಪು ಅಂಟಿಸಿ ಅದರ ಮೇಲೇ ರೆಕಾರ್ಡ್ ಮಾಡುತ್ತಿದ್ದಳು. ಚೀಟಿ ಬದಲಾಯಿಸುತ್ತಿರಲಿಲ್ಲ. ಸೆಲೋಟೇಪು ನನ್ನ ಬೆರಳಿಗೆ ತಾಗಿತ್ತು, ತಲೆಗೆ ಹೋಗಲಿಲ್ಲ.

ಸ್ಪೀಕರಿನಲ್ಲಿ ಮೊದಲು ಅಮ್ಮ ಗಂಟಲು ಸರಿಮಾಡಿಕೊಂಡಳು. ಆಮೇಲೆ, "ಕೆಂಪು ದೀಪ ಬಂತಾ? ಹಾಂ, ಬಂತು. ಎಲ್ರೂ ಕೋಲು ಹಿಡ್ಕೊಳ್ಳಿ. ಒಂದು, ಎರಡು, ಮೂರು, ನಾಲ್ಕು."

ಯುಗಾದಿ ಕಾರ್ಯಕ್ರಮದ ಕೋಲಾಟದ ಪ್ರಾಕ್ಟೀಸು. ನಮ್ಮ ನೆಲಮಾಳಿಗೆ. ಅವಳು ಹೋಗುವ ಹದಿನೈದು ದಿನ ಮುಂಚಿನದಿರಬೇಕು.

ಯಾರೂ ನಗಲಿಲ್ಲ ಅಪ್ಪಾ. ಜಪಾನಿಗಳು ಕಣ್ಣು ಕೂಡ ಮಿಟುಕಿಸಲಿಲ್ಲ. ಎಣಿಸುತ್ತಿದ್ದಾರೆ ಎಂದ ಮೇಲೆ ಕೈ ಎತ್ತಬೇಕು, ಎತ್ತಿದರು. ಅವರನ್ನು ನೋಡಿ ಇಲ್ಲಿಯವರೂ ಎತ್ತಿದರು. ಬೇರೆ ಭಾಷೆ, ಹೆಂಗಸಿನ ಧ್ವನಿ, ಎಂಟರ ಬದಲು ನಾಲ್ಕು, ಯಾವುದೂ ಅಡ್ಡಿಯಾಗಲಿಲ್ಲ. "ಮೊಣಕೈ ಮೇಲೆ, ಇನ್ನೂ ಮೇಲೆ" ಎಂದು ಅಮ್ಮ ಗದರಿಸಿದಾಗ ಫೋರ್‌ಮನ್ ಮೊಣಕೈಯನ್ನು ಇನ್ನೂ ಮೇಲೆ ಎತ್ತಿದ. ಹೇಗೆ ತಿಳಿಯಿತೋ. ನಾನೂ ಕೈ ಎತ್ತಿದೆ, ಇಳಿಸಿದೆ. ನನಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸುತ್ತದೆಯೇ ಎಂದು ಕಾಯುತ್ತಾ ನಾಲ್ಕರವರೆಗೆ, ಮತ್ತೆ ನಾಲ್ಕರವರೆಗೆ ಎಣಿಸಿದೆ.

ಟೇಪಿನ ನಡುವೆ ನೀವಿದ್ದೀರಿ. ಯಾವುದೋ ಮಗುವಿಗೆ ಜ್ವರ, ಜೋಡಿ ಕಡಿಮೆ, ಅವಳು ನಿಮ್ಮನ್ನು ಕರೆದು ಕೋಲು ಕೊಟ್ಟಿದ್ದಾಳೆ. ನೀವು ತಿರುಗುವ ಕಡೆ ತಿರುಗಿಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದಾರೆ. ಅವಳು ಹೇಳುತ್ತಾಳೆ, "ರೀ, ಆ ಕಡೆ ಅಲ್ಲ, ಈ ಕಡೆ. ಪೇಷೆಂಟ್ ಮಲಗಿಸೋಕೆ ದಿನಾ ಹತ್ತರಿಂದ ಹಿಂದಕ್ಕೆ ಎಣಿಸಿ ಎಣಿಸಿ ನಿಮ್ಗೆ ಮುಂದಕ್ಕೆ ಹೋಗೋದೇ ಮರ್ತುಹೋಗಿದೆ." ಆಮೇಲೆ ನೀವು ನಕ್ಕಿದ್ದೀರಿ. ನಿಮ್ಮ ನಗು ಎಂದು ಗುರುತಿಸಲು ನನಗೆ ಒಂದು ಕ್ಷಣ ಬೇಕಾಯಿತು. ಆ ಹೊತ್ತಿಗೆ ಎಲ್ಲರೂ ಸೊಂಟ ಬಗ್ಗಿಸುತ್ತಿದ್ದರು.

ಕೊನೆಯಲ್ಲಿ ಒಕಾಬೆಯವರು ಎಂದಿನಂತೆ "ಇವತ್ತೂ ಜಾಗ್ರತೆಯಾಗಿ ಕೆಲಸ ಮಾಡೋಣ" ಎಂದರು. ನಾನು ಎಂದಿನಂತೆ ಅನುವಾದಿಸಿದೆ. ಎಲ್ಲರೂ ಒಳಗೆ ಹೋದರು. ಯಾರೂ ಏನೂ ಕೇಳಲಿಲ್ಲ. ಸಂಜೆ ನನ್ನ ಮೇಜಿನ ಮೇಲೆ ಒಂದು ಕಿತ್ತಳೆ ಹಣ್ಣಿತ್ತು, ಕಾಗದದ ಕರವಸ್ತ್ರದಲ್ಲಿ ಸುತ್ತಿಟ್ಟದ್ದು. ಯಾರು ಇಟ್ಟರೆಂದು ನಾನೂ ಕೇಳಲಿಲ್ಲ.

ಒಂದೇ ಪ್ರಶ್ನೆ. ಪೆಟ್ಟಿಗೆಯಲ್ಲಿ ಇದು ಇತ್ತೆಂದು ನಿಮಗೆ ಗೊತ್ತಿತ್ತೇ?

ಚೈತನ್ಯಾ


(ಪೋಸ್ಟ್‌ಕಾರ್ಡು, ಸುತ್ತ ತೆಳು ಬೂದು ಗೆರೆ)
5 ಡಿಸೆಂಬರ್ 1993

ಮಾನ್ಯರೇ,

ಈ ವರ್ಷ ನಮ್ಮ ಮನೆಯಲ್ಲಿ ಸೂತಕವಿರುವ ಕಾರಣ, ಹೊಸ ವರ್ಷದ ಶುಭಾಶಯಗಳನ್ನು ತಮಗೆ ಕಳಿಸಲಾಗುತ್ತಿಲ್ಲ. ತಾವೂ ದಯವಿಟ್ಟು ಕಳಿಸಬಾರದು. ಇದುವರೆಗೆ ತಾವು ತೋರಿದ ವಿಶ್ವಾಸಕ್ಕೆ ಋಣಿಗಳು. ಚಳಿ ಹೆಚ್ಚುತ್ತಿದೆ, ಆರೋಗ್ಯ ನೋಡಿಕೊಳ್ಳಿ.

(ಇದು ಜಪಾನಿನಲ್ಲಿ ಡಿಸೆಂಬರ್ ಶುರುವಿನಲ್ಲಿ ಎಲ್ಲರಿಗೂ ಕಳಿಸುವ ಕಾರ್ಡು. ಮನೆಯಲ್ಲಿ ಸಾವಾಗಿದ್ದರೆ ಮುಂಚಿತವಾಗಿ ಹೀಗೆ ತಿಳಿಸಿಬಿಡುತ್ತಾರೆ, ಶುಭಾಶಯ ಬಂದು ಯಾರಿಗೂ ಮುಜುಗರವಾಗದಿರಲಿ ಎಂದು. ಅಚ್ಚಾದದ್ದೇ ಸಿಗುತ್ತದಂತೆ. ನಾನು ಕೈಯಲ್ಲಿ ಬರೆದೆ. ಕಳಿಸಲು ಬೇರೆ ಯಾರೂ ತೋಚಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.)

ಚೈ.


ಎಲಿಕಾಟ್ ಸಿಟಿ
26 ಡಿಸೆಂಬರ್ 1993

ಚಿ. ಚೈತನ್ಯಾಳಿಗೆ,

ನಿನ್ನ ಕಾಗದ, ಕಾರ್ಡು ಎರಡೂ ತಲುಪಿವೆ. ಉತ್ತರ ತಡವಾಯಿತು. ರಜೆಯಲ್ಲಿ ಡ್ಯೂಟಿ ಹೆಚ್ಚು, ಬೇರೆಯವರಿಗೆ ಮಕ್ಕಳಿರುತ್ತಾರೆಂದು ನಾನೇ ತೆಗೆದುಕೊಂಡೆ.

ಕ್ಯಾಸೆಟ್ ಟೇಪ್‌ರೆಕಾರ್ಡರಿನ ಒಳಗೇ ಇತ್ತು. ಹೊರತೆಗೆದು ಪೆಟ್ಟಿಗೆಯಲ್ಲಿ ಹಾಕಿದೆ. ಕೇಳಿ ನೋಡಲಿಲ್ಲ.

ಆ ಮಗುವಿಗೆ ಬರೀ ಜ್ವರವಲ್ಲ, ಚಿಕನ್‌ಪಾಕ್ಸ್, ಅಮ್ಮಾವರು ಎದ್ದಿತ್ತು. ಆಮೇಲೆ ಇನ್ನಿಬ್ಬರಿಗೂ ಬಂತು.

ವರ್ಷಾಬ್ದಿಕದ ವಿಷಯ. ಏಪ್ರಿಲ್ 16, ಶನಿವಾರ. ಲ್ಯಾನ್ಹಮ್ ದೇವಸ್ಥಾನದ ಪುರೋಹಿತರಿಗೆ ಹೇಳಿದ್ದೇನೆ. ಅವರು ಮನೆಗೆ ಬಂದು ಮಾಡಿಸುತ್ತಾರೆ. ಅಡುಗೆಯೂ ಅವರ ಕಡೆಯವರದೇ. ನಿನಗೆ ಹೊಸ ಕೆಲಸ, ದಾರಿ ದೂರ. ನೀನು ಬರುವ ಅಗತ್ಯವಿಲ್ಲ.

ಐಸ್ ಬಿದ್ದಾಗ ಬ್ರೇಕನ್ನು ಒಮ್ಮೆಲೇ ಒತ್ತಬೇಡ.

ಇತಿ,
ಕೃಷ್ಣಸ್ವಾಮಿ


ಸ್ಪಾರ್ಟನ್‌ಬರ್ಗ್
23 ಜನವರಿ 1994

ಅಪ್ಪನಿಗೆ,

ಆಗಲಿ. ಬರುವುದಿಲ್ಲ.

ಒಂದು ಅಧಿಕೃತ ವಿಚಾರಣೆ: ಅಮ್ಮ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದದ್ದು ಒಲೆ ಆರಿಸುವ ಮುಂಚೆಯೋ ಆಮೇಲೋ? ಇದು ಅಂತಾರಾಷ್ಟ್ರೀಯ ವಿಷಯ. ಹೋದ ಬೇಸಿಗೆಯಲ್ಲಿ ಜಪಾನಿನಲ್ಲಿ ಬಿಸಿಲೇ ಬರದೆ ಭತ್ತದ ಬೆಳೆ ಕೈಕೊಟ್ಟಿದೆ. ಅಂಗಡಿಗಳಲ್ಲಿ ಅವರ ಅಕ್ಕಿ ಸಿಗದೆ ಸರ್ಕಾರ ಥಾಯ್‌ಲೆಂಡಿನಿಂದ ತರಿಸುತ್ತಿದೆ. ಆ ಅಕ್ಕಿ ಉದುರುದುರು, ಒಂದಕ್ಕೊಂದು ಅಂಟುವುದಿಲ್ಲ, ಕಡ್ಡಿಯಲ್ಲಿ ಎತ್ತಿದರೆ ಜಾರಿ ಹೋಗುತ್ತದೆ ಎಂದು ಒಕಾಬೆಯವರ ಹೆಂಡತಿ ಫ್ಯಾಕ್ಸಿನಲ್ಲಿ ದುಃಖ ತೋಡಿಕೊಂಡಿದ್ದಾರೆ. ಅನ್ನ ಉದುರುದುರಾಗುವುದು ಒಂದು ದೇಶದ ಸಂಕಟವಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಸಕಲ ಗಾಂಭೀರ್ಯದಿಂದ ಚಿತ್ರಾನ್ನ ಮಾಡುವ ವಿಧಾನವನ್ನು ಜಪಾನಿಯಲ್ಲಿ ಬರೆದು ಕಳಿಸಲಿದ್ದೇನೆ. ನಿಂಬೆಹಣ್ಣಿನ ಹತ್ತಿರ ನಿಂತಿದೆ.

ಚೈತನ್ಯಾ


ಎಲಿಕಾಟ್ ಸಿಟಿ
30 ಜನವರಿ 1994

ಚಿ. ಚೈತನ್ಯಾಳಿಗೆ,

ಆಮೇಲೆ. ಒಲೆ ಆರಿಸಿ, ಅನ್ನ ಹಾಕಿ ಕಲಸುವ ಮುಂಚೆ. ಮೊದಲೇ ಹಿಂಡಿದರೆ ಕಹಿಯಾಗುತ್ತದೆ ಎನ್ನುತ್ತಿದ್ದಳು. ಕಡಲೆಕಾಯಿ ಬೀಜ ಬೇರೆಯಾಗಿ ಹುರಿದಿಟ್ಟುಕೊಂಡು ಕೊನೆಗೆ ಹಾಕಬೇಕು. ಇಲ್ಲವಾದರೆ ಮೆತ್ತಗಾಗುತ್ತದೆ.

ಇತಿ,
ಕೃಷ್ಣಸ್ವಾಮಿ


ಸ್ಪಾರ್ಟನ್‌ಬರ್ಗ್
20 ಫೆಬ್ರವರಿ 1994

ಅಪ್ಪನಿಗೆ,

ಚಿತ್ರಾನ್ನ ಯಶಸ್ವಿ. ಒಕಾಬೆಯವರ ಮಗಳು ಪರೀಕ್ಷೆಯ ಹಿಂದಿನ ದಿನ ಎರಡು ಬಟ್ಟಲು ತಿಂದಳಂತೆ. ಅರಿಸಿನ ಸಿಗದೆ ಅವರು ಸಾಂಬಾರು ಪುಡಿಯಂಥದ್ದೇನನ್ನೋ ಹಾಕಿದ್ದಾರೆ. ಅದನ್ನು ಅಮ್ಮನಿಗೆ ತಿಳಿಸದಿರುವುದು ಒಳ್ಳೆಯದು.

ಹೀಗೆ ಬರೆದ ಮೇಲೆ ನೋಡಿದೆ. ಹೊಡೆದುಹಾಕುವುದಿಲ್ಲ, ಇರಲಿ.

ಹೋದ ಮಂಗಳವಾರ ಬೆಳಿಗ್ಗೆ ಒಕಾಬೆಯವರ ಅಣ್ಣನಿಂದ ಫ್ಯಾಕ್ಸ್ ಬಂತು. ಯಂತ್ರ ಇರುವುದು ನನ್ನ ಪಕ್ಕ, ಕಣ್ಣು ಹಾಯಿಸದಿರಲು ಆಗಲಿಲ್ಲ. ತಾಯಿ ತೀರಿಕೊಂಡರು. ನೀನು ದೂರದಲ್ಲಿದ್ದೀಯೆ, ಜವಾಬ್ದಾರಿಯ ಕೆಲಸ. ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ, ದಯವಿಟ್ಟು ಬರುವ ತೊಂದರೆ ತೆಗೆದುಕೊಳ್ಳಬೇಡ. ನಾನು ಎರಡೂ ಕೈಯಲ್ಲಿ ಹಿಡಿದು ಒಯ್ದು ಕೊಟ್ಟೆ. ಓದಿದರು. ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಏನು ಹೇಳಬೇಕೆಂದು ಜಪಾನಿಯಲ್ಲಿ ನನಗೆ ಕಲಿಸಿದ್ದಾರೆ, ಅದನ್ನು ಹೇಳಿದೆ. ಅವರು, "ಬರಬೇಡ ಎಂದಿದ್ದಾರೆ. ಹಾಗಾಗಿ ಹೋಗುವುದಿಲ್ಲ" ಎಂದು ನನಗೆ ಸಮಾಧಾನ ಹೇಳುವವರಂತೆ ಹೇಳಿದರು. ಆಮೇಲೆ ಕವಾಯತಿಗೆ ಹೊತ್ತಾಯಿತೆಂದು ಎದ್ದರು.

ಬಾಗಿಲವರೆಗೆ ಹೋದವರು ನಿಂತರು. ತಿರುಗಿ ನೋಡಲಿಲ್ಲ. "ಆ ಹೆಂಗಸು ಎಣಿಸುವ ಕ್ಯಾಸೆಟ್ ಇನ್ನೂ ಇದೆಯೇ? ಇದ್ದರೆ, ಇವತ್ತು ಅದು ಆಗಬಹುದೇ?"

ಹಾಕಿದೆ. ಕೆಂಪು ದೀಪ ಬಂತು, ಎಲ್ಲರೂ ಕೋಲು ಹಿಡಿದುಕೊಂಡರು. ಒಂದು, ಎರಡು, ಮೂರು, ನಾಲ್ಕು. ಒಕಾಬೆಯವರ ಮೊಣಕೈ ಎಲ್ಲರಿಗಿಂತ ಮೇಲಿತ್ತು. ಅವರ ಮುಖದಲ್ಲಿ ಏನೂ ಇರಲಿಲ್ಲ. ನನ್ನ ಮುಖ ಹೇಗಿತ್ತೆಂದು ಡಾರ್ಲೀನ್‌ಳನ್ನು ಕೇಳಿದೆ. "ಅವರ ಹಾಗೇ ಇತ್ತು, ಹನಿ" ಎಂದಳು.

ಚೈತನ್ಯಾ


ಸ್ಪಾರ್ಟನ್‌ಬರ್ಗ್
8 ಏಪ್ರಿಲ್ 1994

ಅಪ್ಪನಿಗೆ,

ನನ್ನ ಫೆಬ್ರವರಿಯ ಕಾಗದದ ಮೇಲೆ ನೀವು ಬರೆದಿಲ್ಲ. ನಾನೂ ಬರೆದಿಲ್ಲ.

ನಿನ್ನೆ ಒಕಾಬೆಯವರು ನನ್ನನ್ನು ಕರೆದು ಕೂರಿಸಿದರು. ಅವರಲ್ಲಿ ಸತ್ತ ನಲವತ್ತೊಂಬತ್ತನೆಯ ದಿನಕ್ಕೆ ದೊಡ್ಡ ಕರ್ಮ. ಅದು ಹೋದ ವಾರ ಮುಗಿದಿದೆ. ಹೆಂಡತಿ ಎಲ್ಲವನ್ನೂ ಬರೆದಿದ್ದಾರೆ. ಅಂತ್ಯಕ್ರಿಯೆಯ ದಿನವೂ, ಈಗಲೂ, ಮನೆಯವರ ಸಾಲಿನಲ್ಲಿ ಅಣ್ಣನ ಪಕ್ಕಕ್ಕೆ ನೆಲದ ಮೇಲೆ ಕೂರುವ ಒಂದು ದಿಂಬು ಖಾಲಿ ಹಾಕಿತ್ತಂತೆ. ಊಟದ ಹೊತ್ತಿಗೆ ಅದರ ಮುಂದೆಯೂ ಒಂದು ತಟ್ಟೆ. ಅಣ್ಣ ಒಂದೆರಡು ಸಲ ಬಾಗಿಲ ಕಡೆ ನೋಡಿದರಂತೆ.

ಇಷ್ಟು ಹೇಳಿ ಒಕಾಬೆಯವರು, ನನ್ನ ತಾಯಿ ಹೋಗಿ ಯಾವಾಗ ವರ್ಷವಾಗುತ್ತದೆ ಎಂದು ಕೇಳಿದರು. ಕ್ಯಾಸೆಟ್ಟಿನ ಧ್ವನಿ ಯಾರದೆಂದು ನಾನು ಅವರಿಗೆ ಹೇಳಿರಲಿಲ್ಲ. ತಾಯಿಯಿಲ್ಲ ಎಂದೂ ಹೇಳಿರಲಿಲ್ಲ. ಹದಿನಾರಕ್ಕೆ ಎಂದೆ. ತಂದೆಯವರು ಏನು ಹೇಳಿದ್ದಾರೆ ಎಂದರು.

"ಬರುವ ಅಗತ್ಯವಿಲ್ಲ ಎಂದು ಬರೆದಿದ್ದಾರೆ."

ಅವರು ಹಲ್ಲಿನ ಸಂದಿಯಿಂದ ಉದ್ದಕ್ಕೆ ಗಾಳಿ ಎಳೆದುಕೊಂಡರು. "ಅದು ಸ್ವಲ್ಪ..."

ಡ್ರಾಯರಿನಿಂದ ರಜೆಯ ಫಾರಂ ತೆಗೆದು ನನ್ನ ಮುಂದಿಟ್ಟರು. ಕೆಳಗೆ ಅವರ ಕೆಂಪು ಮುದ್ರೆ ಆಗಲೇ ಬಿದ್ದಿತ್ತು. ತಾರೀಖಿನ ಜಾಗ ಮಾತ್ರ ಖಾಲಿ.

ಆದುದರಿಂದ ಎಲಿಕಾಟ್ ಸಿಟಿ ಸಂಸ್ಥಾನಕ್ಕೆ ತಿಳಿಯಪಡಿಸುವುದೇನೆಂದರೆ: ಕ್ಯಾಸೆಟ್ ಖಾತೆಯ ಸಚಿವೆ ಹದಿನೈದರ ಶುಕ್ರವಾರ ಬೆಳಿಗ್ಗೆ ಇಲ್ಲಿಂದ ಹೊರಟು ಕತ್ತಲಾಗುವ ಮುಂಚೆ ಅಲ್ಲಿ ಇರುತ್ತಾಳೆ. ಆಯಿಲ್ ಚೇಂಜ್ ಆಗಿದೆ. ಟೈರು ಸರಿಯಿದೆ. ತಾವು ಕಾಯುವ ಅಗತ್ಯವಿಲ್ಲ.

ಚೈತನ್ಯಾ


ಎಲಿಕಾಟ್ ಸಿಟಿ
24 ಏಪ್ರಿಲ್ 1994

ಚಿ. ಚೈತನ್ಯಾಳಿಗೆ,

ಕ್ಷೇಮವಾಗಿ ತಲುಪಿದ್ದು ತಿಳಿಯಿತು.

ನೀನು ಬಂದ ದಿನ ಬಾಗಿಲು ತೆಗೆದು "ಬಂದೆ" ಎಂದಾಗ ನಾನು ತಕ್ಷಣ ಉತ್ತರ ಕೊಡಲಿಲ್ಲ. ಒಳಗೆ ಇರಲಿಲ್ಲ. ಮಧ್ಯಾಹ್ನದಿಂದ ಗ್ಯಾರೇಜಿನ ಮುಂದೆ ನಿಂತಿದ್ದವನು, ನಿನ್ನ ಕಾರು ತಿರುವಿನಲ್ಲಿ ಕಂಡ ಮೇಲೆ ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಅದಕ್ಕೇ ತಡವಾಯಿತು.

ಪುರೋಹಿತರು ಕರ್ಮ ಚೆನ್ನಾಗಿ ಮಾಡಿಸಿದರು. ನಾವಿಬ್ಬರೂ ಅಳದಿದ್ದದ್ದನ್ನು ರೇಣುಕಾದೇವಿಯವರು ಗಮನಿಸಿದ್ದಾರೆ. ಆಮೇಲೆ ನನ್ನನ್ನು ಕರೆದು, ಮಗುವಿಗೆ ಏನಾಗಿದೆ ಎಂದು ಕೇಳಿದರು. ನನ್ನ ಹಾಗೇ ಆಗಿದೆ ಎಂದೆ. ಅರಿವಳಿಕೆ ಇಳಿಯಲು ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹಿಡಿಯುತ್ತದೆ. ಅವಸರ ಮಾಡಿ ಎಬ್ಬಿಸಬಾರದು. ಪಕ್ಕದಲ್ಲಿ ಒಬ್ಬರು ಕೂತಿರಬೇಕು, ಅಷ್ಟೆ.

ನೀನು ಹೋದ ಮೇಲೆ ನೆಲಮಾಳಿಗೆಗೆ ಇಳಿದೆ. ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಹೋಗಿದ್ದೀಯೆ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದೆ. ಜೋಡಿ ಕೋಲನ್ನೂ ಇಟ್ಟಿದ್ದೀಯೆ. ಸಂಘದವರಿಂದ ಹೇಗೆ ತಂದೆಯೋ ತಿಳಿಯದು. ಕದ್ದಿದ್ದರೆ ಹಿಂದಿರುಗಿಸಬೇಕಾಗುತ್ತದೆ.

ಮೂರು ದಿನ ಮುಟ್ಟಲಿಲ್ಲ. ನಿನ್ನೆ ಗುಂಡಿ ಒತ್ತಿದೆ. ಕೋಲು ಕೈಯಲ್ಲಿತ್ತು, ಸುಮ್ಮನೆ ನಿಂತಿರಲು ಆಗಲಿಲ್ಲ. ಎಣಿಸಿದಂತೆ ಹೆಜ್ಜೆ ಹಾಕಿದೆ. ತಿರುಗುವ ಜಾಗ ಬಂದಾಗ ಬಹಳ ಎಚ್ಚರಿಕೆಯಿಂದ ಸರಿಯಾದ ಕಡೆಗೇ ತಿರುಗಿದೆ. ಆದರೂ ಬೈದಳು.

ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಈ ಸಲ ತಪ್ಪು ಕಡೆಗೆ ತಿರುಗಿದೆ. ಆಗ ಸರಿಹೋಯಿತು.

ಬೇಸಿಗೆಯಲ್ಲಿ ಇಂಜಿನ್ ಬಿಸಿಯಾಗುತ್ತದೆ. ಕೂಲೆಂಟ್ ನೋಡಿಕೊಂಡು, ಜೂನಿನಲ್ಲಿ ರಜೆ ಸಿಕ್ಕರೆ ಬಾ. ಅಗತ್ಯವಿದೆ.

ಇತಿ,
ಅಪ್ಪ